ತೊಳೆದ ಜೀಪು

"ಗುರುಗಳೇ, ಪಕ್ಕದ ಊರಿನ ಮಠದವರು ನನ್ನನ್ನು ಗುರುವಾಗಿ ಬಾ ಎಂದು ಕರೆದಿದ್ದಾರೆ. ನಾನು ಪಟ್ಟ ಕಷ್ಟ ಎಲ್ಲರಿಗೂ ಗೊತ್ತು. ಇನ್ನೂ ದಿನಾ ಸಂಜೆ ಕೂತು ನನ್ನ ತಪ್ಪುಗಳನ್ನು ನಾನೇ ಹುಡುಕಿಕೊಳ್ಳಬೇಕೇ?" ಎಂದು ಶಿಷ್ಯ ಮರುಳಯ್ಯ ಕೇಳಿದ.

ಇನ್ನು ಅದು ಬೇಡ ಎಂದು ಗುರುಗಳ ಬಾಯಲ್ಲಿ ಹೇಳಿಸಲೆಂದೇ ಅವನು ಕೇಳಿದ್ದ. ಗುರುಗಳಿಗೆ ರೇಗಿತು. ಆದರೂ ಒಂದು ಕತೆ ಹೇಳಿದರು.

ಒಂದು ಬೆಟ್ಟ. ಮೇಲೆ ದೇವರ ಗುಡಿ, ಕೆಳಗೆ ಜೀಪ್ ಸ್ಟ್ಯಾಂಡು. ದಾರಿಯೆಂದರೆ ಬರೀ ಕಲ್ಲು, ಹಳ್ಳ, ಕೆಸರು. ನಾಲ್ಕೂ ಚಕ್ರ ಎಳೆಯುವ ಜೀಪು ಬಿಟ್ಟರೆ ಬೇರೇನೂ ಹತ್ತದು. ಇಳಿದು ಬಂದ ಜೀಪನ್ನು ಅಲ್ಲಿ ಯಾರೂ ತೊಳೆಯುತ್ತಿರಲಿಲ್ಲ. ಮೈತುಂಬ ಕೆಸರು ಮೆತ್ತಿಕೊಂಡ ಜೀಪೇ ಗಟ್ಟಿ, ಅದರ ಡ್ರೈವರನೇ ಗಂಡೆದೆಯವನು ಎಂದು ಜನ ನಂಬಿದ್ದರು. ಸಾಲಿನಲ್ಲಿ ಕಾದವರು ಕೆಸರು ನೋಡಿಯೇ ಹತ್ತುತ್ತಿದ್ದರು.

ಒಬ್ಬ ಡ್ರೈವರ್ ಮಾತ್ರ ಇದಕ್ಕೆ ಸೊಪ್ಪು ಹಾಕಲಿಲ್ಲ. ಬೆಟ್ಟ ಇಳಿದೊಡನೆ ಜೀಪಿನಡಿಗೆ ನುಸುಳುತ್ತಿದ್ದ. ಚಕ್ರದ ಸಂದಿಯ ಮಣ್ಣು ಕೆರೆದು, ಬ್ರೇಕಿಗೆ ಸಿಕ್ಕಿದ ಕಲ್ಲು ತೆಗೆದು, ನೀರು ಹೊಡೆಯುತ್ತಿದ್ದ. ಹಳ್ಳ ದಾಟಿದ ದಿನ ಚಕ್ರಗಳನ್ನು ಜೋಡಿಸುವ ಆಕ್ಸಲ್ಲಿನ ನಟ್ಟು ಬಿಚ್ಚಿ ಆಯಿಲ್ ನೋಡುತ್ತಿದ್ದ. ಅದು ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ನೀರು ಹೊಕ್ಕಿದೆಯೆಂದು ಚೆಲ್ಲಿ, ಹೊಸದು ತುಂಬುತ್ತಿದ್ದ. ಉಳಿದವರು ಅವನ ಜೀಪಿಗೆ ಮದುಮಗ ಎಂದು ಹೆಸರಿಟ್ಟು ನಕ್ಕರು. ಹತ್ತುವವರೂ ಕಡಿಮೆಯಾದರು.

ಜೀಪುಗಳ ಯಜಮಾನ ಕೆಂಡವಾಗಿ ಬಂದ. "ಇನ್ನೊಂದ್ಸಲ ಗಾಡಿ ತೊಳೆದ್ರೆ ಕೀ ಕೊಟ್ಟು ಮನೆಗ್ ಹೋಗು. ಕೆಸರು ನೋಡೇ ಕಣಯ್ಯಾ ಜನ ಬರೋದು!"

"ಹೋಗ್ತೀನಿ ಯಜಮಾನ್ರೇ. ತೊಳೀದೆ ಮಾತ್ರ ಓಡ್ಸಲ್ಲ" ಎಂದ ಡ್ರೈವರ್, ಅವನ ಕಣ್ಣೆದುರೇ ಬಕೆಟ್ಟಿಗೆ ನೀರು ತುಂಬಿಕೊಂಡ. ಯಜಮಾನ ಕೀ ಕಿತ್ತುಕೊಂಡ.

ಅಷ್ಟರಲ್ಲಿ ಯಜಮಾನನ ಮಗಳು ಎಳೆಗೂಸನ್ನು ಎತ್ತಿಕೊಂಡು ಹರಕೆ ತೀರಿಸಲು ಬಂದಳು. ಯಜಮಾನ ಸಾಲಾಗಿ ನಿಂತ ಕೆಸರಿನ ಜೀಪುಗಳನ್ನು ನೋಡಿದ. ಮೊಮ್ಮಗುವನ್ನು ನೋಡಿದ. ಮಣ್ಣು ಕೂತ ಬ್ರೇಕು ಇಳಿಜಾರಿನಲ್ಲಿ ಕೈಕೊಡುತ್ತದೆಂದು ಅವನಿಗೂ ಗೊತ್ತಿತ್ತು. ಕಿತ್ತುಕೊಂಡ ಕೀಯನ್ನು ಅದೇ ಡ್ರೈವರನ ಮುಂದೆ ಹಿಡಿದ.

"ಇವಳನ್ನ ನೀನೇ ಕರ್ಕೊಂಡ್ ಹೋಗಪ್ಪಾ."

ಡ್ರೈವರ್ ಕೈ ಚಾಚಲಿಲ್ಲ. "ಕರ್ಕೊಂಡ್ ಹೋಗ್ತೀನಿ. ನನ್ ಗಾಡೀನೇ ಯಾಕೆ ಅಂತ ಮೊದ್ಲು ಗಾಡಿಗೆ ಕಾದು ಆ ಸಾಲಲ್ಲಿ ನಿಂತಿರೋ ಜನಕ್ಕೆ ಕೇಳೋ ಹಾಗೆ ಹೇಳಿ."

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು. ಮರುಳಯ್ಯನಿಗೆ ತಡೆಯಲಾಗಲಿಲ್ಲ.

"ಯಜಮಾನ ಹೇಳಿದನೇ, ಗುರುಗಳೇ?"

"ಅವನ ಮಾತು ಹಾಗಿರಲಿ, ತನ್ನ ತಪ್ಪು ನೋಡಿಕೊಳ್ಳದ ಗುರುವಿನ ಕೈಗೆ ನಿನ್ನ ತಂಗಿಯ ಮಗುವನ್ನು ಒಪ್ಪಿಸುತ್ತೀಯಾ?"

ಸಂಜೆಯಾಗುತ್ತಲೇ ಮರುಳಯ್ಯ ತನ್ನ ಎಂದಿನ ಜಾಗಕ್ಕೆ ಹೋಗಿ ಕೂತ.