ಆ ತಾಯಿ ಇನ್ನೇನು ಕಲಿಯಬೇಕು?

ಹಿರೇಬಾನಕಟ್ಟಿಯ ಶಂಭುಲಿಂಗ ಅಜ್ಜನವರ ದರ್ಶನಕ್ಕೆ ಹೊಸದಾಗಿ ಬಂದವರು ಗದ್ದುಗೆಯ ಕಡೆ ಹೋಗಿ ಪೆಚ್ಚಾಗುತ್ತಿದ್ದರು. ಪೂಜ್ಯರು ಅಲ್ಲಿ ಸಿಗುತ್ತಿರಲಿಲ್ಲ. ದಾಸೋಹದ ಅಡುಗೆಮನೆಯ ಹಿಂಬಾಗಿಲಲ್ಲಿ ಗೋಣಿತಟ್ಟಿನ ಮೇಲೆ ಕುಳಿತು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದರು. ಸೋಮವಾರದ ಒಂದು ಮಧ್ಯಾಹ್ನ ನಾನೂ ಎದುರು ಕುಳಿತು ಸೊಪ್ಪು ಬಿಡಿಸುತ್ತಿದ್ದೆ, ಅದಕ್ಕೇ ಈ ಪ್ರಸಂಗವನ್ನು ಕಣ್ಣಾರೆ ಕಂಡ ಭಾಗ್ಯ ನನ್ನದಾಯಿತು.

ಬಗಲಲ್ಲಿ ಬಟ್ಟೆಯ ಗಂಟು ಹಿಡಿದು ನಾಗವೇಣಮ್ಮನವರು ಬಂದು ನಿಂತರು. ಹಳಿಯಾಳ ಸೀಮೆಯ ಸಿದ್ದಿ ಹೆಣ್ಣುಮಗಳು. ಎಷ್ಟೋ ತಲೆಮಾರುಗಳ ಹಿಂದೆ ಆಫ್ರಿಕಾದಿಂದ ಹಡಗಿನಲ್ಲಿ ಗುಲಾಮರಾಗಿ ತಂದ ಜನರ ವಂಶ ಅವರದು. ಕಪ್ಪು ಮೈ, ಗುಂಗುರು ಕೂದಲು ಹಾಗೇ ಉಳಿದಿವೆ, ಉಳಿದದ್ದೆಲ್ಲ ನಮ್ಮದೇ. ಗಂಡ ತೀರಿದ ಮೇಲೆ, ಉಸಿರಿರುವ ತನಕ ಇಲ್ಲೇ ರೊಟ್ಟಿ ಬಡಿಯುತ್ತೇನೆ ಎಂದು ಮಠಕ್ಕೆ ಬಂದು ಎರಡು ತಿಂಗಳಾಗಿತ್ತು.

"ಅಪ್ಪಣೆ ಕೊಡ್ರಿ ಅಜ್ಜಾರ, ಊರಿಗೆ ಹೋಗ್ತೀನಿ. ಇವತ್ತು ಒಬ್ಬಾಕಿ ಬಣ್ಣ ಬಿಡತೈತೇನು ಅಂತ ಉಗುರಿಲೆ ನನ್ನ ಕೈ ಕೆರದು ನೋಡಿದ್ಲು," ಎಂದರು. ಆ ದನಿಯಲ್ಲಿ ಅಳುವಿರಲಿಲ್ಲ, ದಣಿವಿತ್ತು.

ದಾಸೋಹದ ಉಸ್ತುವಾರಿ ನೋಡುತ್ತಿದ್ದ ಪುಟ್ಟಮಾದಯ್ಯ ಮಾಸ್ತರರು ಅಲ್ಲೇ ಇದ್ದರು. ಚಾಮರಾಜನಗರದ ಕಡೆಯವರು, ನೌಕರಿಗೆಂದು ಈ ಸೀಮೆಗೆ ಬಂದು ಇಲ್ಲೇ ನಿವೃತ್ತರಾದವರು. ಬಲು ಪ್ರಾಮಾಣಿಕರು, ಅಷ್ಟೇ ತರ್ಕಿಗಳು. ಪೂಜ್ಯರಿಗೆ ಕೈ ಮುಗಿಯುತ್ತಿದ್ದರೇ ಹೊರತು ಕಾಲಿಗೆ ಬಿದ್ದವರಲ್ಲ.

"ಇಷ್ಟಕ್ಕ ಮಠ ಬಿಡ್ತಾರೇನವ್ವಾ?" ಎಂದರು ಮಾಸ್ತರರು. "ಕುಳ್ಳರನ್ನ ನೋಡಿ ನಗತಾರ, ಹಳ್ಳ್ಯಾಗಿನವರನ್ನ ನೋಡಿ ನಗತಾರ. ನಾ ಬಂದಾಗ ನನ್ನ ಮಾತು ಕೇಳಿ ಸಾಲಿ ತುಂಬ ನಕ್ಕಿದ್ರು. ತಾತ್ಸಾರ ಅನ್ನೋದು ಎಲ್ಲಾ ಒಂದೇ. ತಡಕೋಬೇಕು."

ಅಜ್ಜನವರು ಸೊಪ್ಪಿನಿಂದ ಕಣ್ಣೆತ್ತಲಿಲ್ಲ. "ಮಾಸ್ತರ, ನಿಮ್ಮನ್ನ ನಗೋದು ಯಾವಾಗ ನಿಂತಿತು?"

"ಮೂರು ವರ್ಷ ಹಿಡೀತ್ರಿ. ಈ ಕಡೆ ಮಾತು ಕಲಿತೆ, ನಿಂತಿತು."

"ಈಕಿ ಏನು ಕಲೀಬೇಕು?"

ಮಾಸ್ತರರು ಬಗ್ಗಿ ಕೆಳಗೆ ಬಿದ್ದ ಸೊಪ್ಪಿನ ಕಡ್ಡಿ ಆರಿಸತೊಡಗಿದರು. ತರ್ಕದಲ್ಲಿ ಅವರು ಸೋತದ್ದನ್ನು ನಾನು ನೋಡಿದ್ದು ಅದೇ ಮೊದಲು, ಸುಳ್ಳೇಕೆ ಹೇಳಲಿ, ಒಳಗೊಳಗೇ ಖುಷಿಯೂ ಆಯಿತು.

"ಯವ್ವಾ, ಇವತ್ತಿನ ಪಂಕ್ತಿ ಬಡಿಸಿ ಹೋಗು," ಎಂದರು ಅಜ್ಜನವರು. "ಮಾಸ್ತರ, ನೀವು ಸಾರಿನ ಬಕೀಟು ಹಿಡಕೊಂಡು ಈಕಿ ಬೆನ್ನ ಹಿಂದ ನಡೀರಿ."

ಮೊದಲ ಪಂಕ್ತಿ ಕುಳಿತಿತು, ನೀರು ಬಡಿಸಲು ನಾನೂ ಹೋದೆ. ನಾಗವೇಣಮ್ಮನವರು ರೊಟ್ಟಿ ಹಾಕುತ್ತ ಮುಂದೆ, ಮಾಸ್ತರರು ಸಾರು ಹಾಕುತ್ತ ಹಿಂದೆ. ದಾಸೋಹದಲ್ಲಿ ಬಡಿಸುವವರ ಊರು ಕೇಳುವುದು ನಮ್ಮ ಜನರ ರೂಢಿ. ಮಾಸ್ತರರನ್ನೂ ಕೇಳಿದರು. "ಇಲ್ಲೇರಿ" ಎಂದರು, ಅಲ್ಲಿಗೆ ಮುಗಿಯಿತು. ನಾಗವೇಣಮ್ಮನವರು "ಹಳಿಯಾಳದ ಕಡೆ" ಎಂದರೆ ಮುಗಿಯಲಿಲ್ಲ. "ಅದಲ್ಲವಾ, ಖರೇ ಯಾವ ದೇಶ?" ಎಂದಳು ಒಬ್ಬ ಅಜ್ಜಿ. ಪಕ್ಕದವಳು ಕೂದಲು ಮುಟ್ಟಲು ಕೈ ಚಾಚಿದಳು. ಸೊಲ್ಲಾಪುರದಿಂದ ಬಂದು ಮೂರು ತಿಂಗಳಾಗಿದ್ದ ಅರಿವೆ ವ್ಯಾಪಾರಿಯೊಬ್ಬ, "ತಾಯಿ, ನಿಮ್ದು ಕನ್ನಡ ಭಾರೀ ಛಾನ್ ಅದೆ!" ಎಂದು ತನ್ನ ಮರಾಠಿ ಬೆರೆತ ಕನ್ನಡದಲ್ಲಿ ಮೆಚ್ಚಿಕೊಂಡ. ಪಂಕ್ತಿಯ ಕೊನೆಯಲ್ಲಿದ್ದ ಗೌಡರು ಮಾಸ್ತರರ ಕಡೆ ತಿರುಗಿ, "ಈಕಿಗೆ ಕನ್ನಡ ನೀವ ಕಲಿಸಿದ್ರೇನು?" ಎಂದು ಕೇಳಿದರು.

ಯಾರೂ ಕೆಟ್ಟವರಲ್ಲ. ಎಲ್ಲರೂ ಭಕ್ತರೇ, ವಿಭೂತಿ ಹಚ್ಚಿಕೊಂಡವರೇ. ನನಗೆ ಹೆಚ್ಚು ನಾಚಿಕೆಯಾಗಿದ್ದು ಅದಕ್ಕೇ.

ಪಂಕ್ತಿ ಮುಗಿದದ್ದೇ ಮಾಸ್ತರರು ಬಕೀಟನ್ನು ಅಲ್ಲೇ ಇಟ್ಟರು, ನಾನು ಹಿಂದೆಯೇ ಬರುವಷ್ಟರಲ್ಲಿ ಹಿಂಬಾಗಿಲಿಗೆ ಹೋಗಿ ಅಜ್ಜನವರ ಪಾದಕ್ಕೆ ಬಿದ್ದರು. "ಅಜ್ಜಾರ, ಈ ತಾಯಿ ಮಠಕ್ಕ ಬಂದ ದಿನ ನಾನೂ ಊಟ ಆತೇನು ಅನ್ನೋದನ್ನ ಹಿಂದಿಯೊಳಗ 'ಖಾನಾ ಖಾಯಾ?' ಅಂತ ಕೇಳಿದ್ದೆ. ಕನ್ನಡ ಬರಂಗಿಲ್ಲ ಅಂತ ಮಾರಿ ನೋಡೇ ತಿಳಕೊಂಡಿದ್ದೆ."

"ನನಗ್ಯಾಕ ಹೇಳ್ತೀರಿ? ಆಕಿ ಒಳಗದಾಳ," ಎಂದರು ಪೂಜ್ಯರು.

ಮಾಸ್ತರರು ಒಳಗೆ ಹೋಗಿ ಕೈ ಜೋಡಿಸಿ ಅದನ್ನೇ ಹೇಳಿದರು. ನಾಗವೇಣಮ್ಮನವರು ರೊಟ್ಟಿಯ ಬುಟ್ಟಿ ಕೆಳಗಿಟ್ಟು ಅವರ ಮುಖವನ್ನು ದಿಟ್ಟಿಸಿ ನೋಡಿದರು. ಆಮೇಲೆ, "ನೆನಪಾಗವಲ್ದರಿ ಸರ್," ಎಂದರು. "ಅವತ್ತು ಬಸ್ಸಿನಾಗ ಕಂಡಕ್ಟರೂ ಹಿಂದಿಯೊಳಗ ಕೇಳಿದ್ರು, ಚಾದಂಗಡಿಯಾಗೂ ಕೇಳಿದ್ರು. ದಿನಾ ಕೇಳ್ತಾರ. ಯಾರ್ಯಾರು ಅಂತ ಹೆಂಗ ನೆನಪಿಡ್ಲಿ?"

ಆ ಮಾತಿಗೆ ಮಾಸ್ತರರು ಮಗುವಿನಂತೆ ಅತ್ತುಬಿಟ್ಟರು. ತಮ್ಮನ್ನು ನೋಡಿ ನಕ್ಕವರ ಹೆಸರುಗಳು ಒಂದೂ ಬಿಡದೆ ಇಂದಿಗೂ ನೆನಪಿವೆ ಎಂದು ಆಮೇಲೆ ಅವರೇ ನನಗೆ ಹೇಳಿದರು. ಅವರು ಕ್ಷಮೆ ಕೇಳಲು ಹೋದರೆ, ಹಾಗೆ ಕೇಳಿದ ಅಷ್ಟು ಜನರ ನಡುವೆ ಅವರ ತಪ್ಪು ಯಾವುದೆಂದು ಆ ತಾಯಿಗೆ ಗುರುತೇ ಸಿಗಲಿಲ್ಲ.

ಎರಡನೆಯ ಪಂಕ್ತಿ ಕುಳಿತಾಗ ಮಾಸ್ತರರೇ ಮುಂದೆ ನಡೆದರು. ಎಲೆಯ ಮುಂದಿದ್ದ ಒಬ್ಬ ಯಜಮಾನರು ನಾಗವೇಣಮ್ಮನವರನ್ನು ಮೇಲಿಂದ ಕೆಳಗೆ ನೋಡಿ, "ಯವ್ವಾ, ನೀ ಯಾವ..." ಎಂದು ಬಾಯಿ ತೆಗೆಯುವಷ್ಟರಲ್ಲಿ ಮಾಸ್ತರರು ಅಡ್ಡ ಬಂದರು.

"ನನ್ನ ಕೇಳ್ರಿ ಯಜಮಾನ್ರ. ಹೊರಗಿನಿಂದ ಬಂದಾಂವ ನಾನು. ಈಕಿ ಈ ಕಡೇನ ಹುಟ್ಟಿದಾಕಿ."

ಯಜಮಾನರು ತಲೆ ತಗ್ಗಿಸಿದರು. ನಾಗವೇಣಮ್ಮನವರು ಅವರ ಎಲೆಗೆ ರೊಟ್ಟಿ ಹಾಕಿ, "ಇನ್ನೊಂದು ಹಾಕ್ಲೇನ್ರಿ?" ಎಂದು ಕೇಳಿ ಮುಂದೆ ನಡೆದರು. ಸಂಜೆ ಹಳಿಯಾಳದ ಬಸ್ಸು ಬಂದು ಹೋಯಿತು. ಆ ತಾಯಿ ಅಡುಗೆಮನೆಯಲ್ಲಿ ಮರುದಿನದ ಜೋಳದ ಹಿಟ್ಟು ಸಾಣಿಸುತ್ತಿದ್ದರು.