ಗರಡಿಗೆ ಬಂದ ಸೊಂಟನೋವು

ಹೊಳೆಯ ದಡದಲ್ಲಿ ಒಂದು ಗರಡಿಮನೆ. ಅದನ್ನು ಬಹುಕಾಲ ನಡೆಸಿದ ವಸ್ತಾದ್ ಜವರಪ್ಪನವರಿಗೆ ವಯಸ್ಸಾಗಿ ಮಂಡಿ ಹೋಗಿತ್ತು. ಈಗ ಭಾರವೆಲ್ಲ ಶಿಷ್ಯ ಚೆಲುವರಾಜನ ಮೇಲೆ.

ಬೆಳಗಾದರೆ ಚೆಲುವರಾಜ ಒಬ್ಬನೇ ಕುಸ್ತಿಯಾಡುವ ಮಣ್ಣಿನ ಅಖಾಡವಾದ ಮಟ್ಟಿಯೊಳಕ್ಕೆ ಇಳಿದು ಕೆಮ್ಮಣ್ಣನ್ನು ಅಗೆದು ಹದ ಮಾಡುತ್ತಿದ್ದ. ಹದ ಮಾಡಿ ತಲೆಯೆತ್ತಿದರೆ ಎದುರಿಗೆ ಯಾರೂ ಇರುತ್ತಿರಲಿಲ್ಲ. ಮಣ್ಣು ಹಾಗೇ ಬಿಗಿಯುತ್ತಿತ್ತು. ಮಾರನೆಯ ದಿನ ಮತ್ತೆ ಅಗೆತ.

ಮೂಟೆ ಹೊತ್ತ ದಣಿವು ಮಲಗಿದರೆ ಹೋಗುತ್ತದೆ. ಬಾಗಿಲು ತೆರೆದಿಟ್ಟು ಬಾರದ ಗಿರಾಕಿಗೆ ಕಾಯುವ ದಣಿವು ಹಾಗಲ್ಲ.

ಒಂದು ಬೆಳಿಗ್ಗೆ ಅವನು ಗುದ್ದಲಿ ಕೆಳಗಿಟ್ಟ.

"ಸಾಕಾಯ್ತು ವಸ್ತಾದ್ರೇ. ಗರಡಿ ಬಿಟ್ಟುಬಿಡ್ತೀನಿ."

ಜವರಪ್ಪ ಕಲ್ಲಿನ ಮೇಲೆ ಕೂತು ಮಂಡಿಗೆ ಎಣ್ಣೆ ತಿಕ್ಕುತ್ತಿದ್ದರು. ತಿಕ್ಕುವುದನ್ನು ನಿಲ್ಲಿಸಲಿಲ್ಲ.

"ಯಾಕಪ್ಪ?"

"ಯಾರ ಜೊತೆ ಕುಸ್ತಿ ಆಡಲಿ? ಗೋಡೆ ಜೊತೆನಾ? ಬಸ್ ಸ್ಟ್ಯಾಂಡ್ ಹತ್ರ ಹೊಸ ಜಿಮ್ ಆಗಿದೆ. ಕನ್ನಡಿ, ಹಾಡು, ತಣ್ಣನೆ ಗಾಳಿ. ಜನ ಅಲ್ಲಿಗೇ ಹೋಗ್ತಾರೆ."

"ಇಲ್ಲಿಗೆ ಯಾರೂ ಬರೋದೇ ಇಲ್ವಾ?"

"ಬರ್ತಾರೆ. ಬ್ಯಾನರ್ ಹಾಕಿಸಿದ್ದೀನಲ್ಲ, ಮೊದಲ ತಿಂಗಳು ಉಚಿತ ಅಂತ. ಗದೆ ಹಿಡ್ಕೊಂಡಿರೋ ಫೋಟೋನೂ ಇದೆ. ನೋಡಿ ಬರ್ತಾರೆ. ಆದ್ರೆ ಒಂದು ದಿನ ಬಂದೋರು ಮಾರನೇ ದಿನ ಬರಲ್ಲ."

"ಫೋಟೋ ಯಾರದು?"

"ನಂದೇ."

"ಅದನ್ನ ನೋಡಿದ ಮೇಲೂ ಒಂದು ದಿನ ಬರ್ತಾರಲ್ಲ. ಧೈರ್ಯವಂತರು."

"ತಮಾಷೆ ಬೇಡಿ ವಸ್ತಾದ್ರೇ."

"ಸರಿ. ಕಡೇಗೆ ಬಂದೋನು ಯಾರು?"

"ಬೇಕರಿ ಲಿಂಗರಾಜಣ್ಣ. ಮೊನ್ನೆ ಬಂದಿದ್ರು."

"ಏನು ಮಾಡಿಸಿದೆ?"

"ನೀವು ನನಗೆ ಮಾಡಿದ್ದನ್ನೇ. ಮಟ್ಟಿಗೆ ಇಳಿಸಿದೆ. ಕೈ ಹಿಡೀರಿ ಅಂದೆ. ಎತ್ತಿ ಚಿತ್ ಮಾಡಿದೆ. ಮೊದಲ ದಿನವೇ ಬೆನ್ನಿಗೆ ಮಣ್ಣು ಹತ್ತಬೇಕು. ಗರಡಿ ಅಂದ್ರೆ ಏನು ಅಂತ ತಿಳೀಬೇಕಲ್ಲ."

"ತಿಳೀತು ಅವನಿಗೆ."

ಚೆಲುವರಾಜ ಗುದ್ದಲಿಗೆ ಅಂಟಿದ ಮಣ್ಣು ಕೆರೆಯತೊಡಗಿದ.

"ನಾನು ನಿನ್ನ ಚಿತ್ ಮಾಡಿದೆನಲ್ಲ, ನೀನು ಮಾರನೇ ದಿನ ಯಾಕೆ ಬಂದೆ?" ಎಂದು ಜವರಪ್ಪ ಕೇಳಿದರು.

"ಸಿಟ್ಟಿಗೆ. ನಿಮ್ಮನ್ನ ಒಂದು ಸಲ ಬೀಳಿಸಲೇಬೇಕು ಅಂತ ನಿದ್ದೇನೇ ಬರಲಿಲ್ಲ."

"ಲಿಂಗರಾಜನಿಗೂ ನಿದ್ದೆ ಬಂದಿರಲ್ಲ. ನಡಿ, ಯಾಕೆ ಅಂತ ಕೇಳಿಕೊಂಡು ಬರೋಣ."

ಶಿಷ್ಯನ ಭುಜ ಹಿಡಿದು ಜವರಪ್ಪ ಬೇಕರಿಯವರೆಗೂ ನಡೆದರು. ಚೆಲುವರಾಜನನ್ನು ಕಂಡದ್ದೇ ಲಿಂಗರಾಜ ಒಂದು ಕೈಯಲ್ಲಿ ಸೊಂಟ ಹಿಡಿದು ಗಾಜಿನ ಬೀರುವಿನ ಹಿಂದಕ್ಕೆ ಸರಿದ.

"ಹೆದರಬೇಡಯ್ಯ, ಇಲ್ಲಿ ಮಟ್ಟಿ ಇಲ್ಲ. ಎರಡು ರಸ್ಕ್ ಕೊಡು," ಎಂದರು ಜವರಪ್ಪ.

"ನಿಮ್ಮ ಹಲ್ಲಿಗೆ ರಸ್ಕ್ ಆಗಲ್ಲ ವಸ್ತಾದ್ರೇ. ಈಗಷ್ಟೇ ತೆಗೆದ ಬನ್ ಇದೆ. ಅದನ್ನ ತಗೊಳ್ಳಿ."

ಜವರಪ್ಪ ಬನ್ನು ಮುರಿದು ಅರ್ಧವನ್ನು ಶಿಷ್ಯನ ಕೈಗಿಟ್ಟರು.

"ನೀನೇ ಕೇಳು," ಎಂದರು.

ಚೆಲುವರಾಜ ಬೀರುವಿನ ಕಡೆ ತಿರುಗಿದ.

"ಲಿಂಗರಾಜಣ್ಣ, ಮೊನ್ನೆ ಗರಡಿಗೆ ಯಾಕೆ ಬಂದಿದ್ರಿ?"

"ಸೊಂಟ ಕಣಪ್ಪ. ದಿನವಿಡೀ ಒಲೆ ಮುಂದೆ ನಿಲ್ಲೋ ಕೆಲಸ. ಮೈದಾ ಮೂಟೆ ಎತ್ತೋಕೆ ಆಗ್ತಿಲ್ಲ. ನಾಲ್ಕು ದಿನ ಸಾಮು ಮಾಡಿದ್ರೆ ಸರಿಹೋಗಬಹುದು ಅಂತ ಬಂದೆ. ಅದನ್ನ ಹೇಳೋಣ ಅಂತ ಬಾಯಿ ತೆಗೆಯೋ ಹೊತ್ತಿಗೆ ನಾನು ಮೇಲಿದ್ದೆ."

"ಆಮೇಲೆ?" ಎಂದರು ಜವರಪ್ಪ.

"ಆಮೇಲೆ ಕೆಳಗಿದ್ದೆ."

ಚೆಲುವರಾಜ ತಲೆ ತಗ್ಗಿಸಿ ಬನ್ನು ತಿಂದ.

"ನಾಳೆ ಬಾ," ಎಂದರು ಜವರಪ್ಪ. "ಇವನು ನಿನ್ನ ಎತ್ತಲ್ಲ."

"ಎತ್ತಿದ್ರೆ?"

"ನಾನಿರ್ತೀನಿ."

ಮಾರನೆಯ ದಿನ ಲಿಂಗರಾಜ ಬಂದ. ಹೊಸ್ತಿಲಲ್ಲೇ ನಿಂತು ಮೊದಲು ಜವರಪ್ಪ ಇದ್ದಾರೆಯೇ ಎಂದು ನೋಡಿಕೊಂಡ. ಚೆಲುವರಾಜ ಅವನ ಕೈಯನ್ನು ಕಂಬಕ್ಕೆ ಹಿಡಿಸಿ, ನಿಧಾನವಾಗಿ ಬಸ್ಕಿ ಹೊಡೆಸಿದ. ನೋವು ಬಂದಲ್ಲಿ ನಿಲ್ಲಿಸಿ ಕೂರಿಸಿದ. ಎಲ್ಲರೂ ಮೂಟೆಯನ್ನು ಸೊಂಟದ ಬಲದಿಂದ ಎತ್ತುತ್ತಾರೆ; ತೊಡೆಯ ಬಲದಿಂದ ಎತ್ತುವುದು ಹೇಗೆಂದು ತೋರಿಸಿದ.

ಕೆಲವು ವಾರಗಳಲ್ಲಿ ಲಿಂಗರಾಜ ತನ್ನ ಮೂಟೆ ತಾನೇ ಎತ್ತಿದ. ಬನ್ನು ಕಟ್ಟಿಕೊಡುತ್ತಲೇ ಬಂದವರಿಗೆಲ್ಲ ಅದನ್ನು ಹೇಳಿದ. ಬ್ಯಾನರ್ ಮಾಡದ ಕೆಲಸ ಬೇಕರಿ ಮಾಡಿತು.

ಕತ್ತು ಹಿಡಿದ ಟೈಲರ್ ಬಂದ. ಡಾಕ್ಟರ ಹತ್ತಿರ ಬೈಸಿಕೊಂಡ ಮೇಷ್ಟ್ರು ಬಂದರು. ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವವರು, ಮನೆಯಲ್ಲಿ ಕೂರಲಾರದೆ ಎದ್ದು ಬಂದವರು, ಎಲ್ಲರೂ ಬಂದರು. ಚೆಲುವರಾಜ ಒಬ್ಬೊಬ್ಬರನ್ನೂ ಬಾಗಿಲಲ್ಲೇ ಕೇಳಿದ: "ಯಾಕೆ ಬಂದ್ರಿ?"

ಕುಸ್ತಿಗೆ ಎಂದು ಒಬ್ಬರೂ ಹೇಳಲಿಲ್ಲ.

ಒಂದು ದಿನ ಎಲ್ಲರೂ ಹೋದ ಮೇಲೆ ಅವನು ಮಟ್ಟಿಯ ಅಂಚಿನಲ್ಲಿ ಕುಸಿದು ಕೂತ. ಅಂದು ಅಗೆದ ಮಣ್ಣಿನ ಮೇಲೆ ಒಂದು ಹೆಜ್ಜೆಯ ಗುರುತೂ ಇರಲಿಲ್ಲ.

"ನೀವು ತೋರಿಸಿದ ಹಾಗೇ ಮಾಡಿದೆ ವಸ್ತಾದ್ರೇ. ಗರಡಿ ತುಂಬಿದೆ. ಮಟ್ಟಿ ಮಾತ್ರ ಖಾಲಿ."

"ಹೂಂ."

"ಇವರಲ್ಲಿ ಒಬ್ಬನೂ ಪೈಲ್ವಾನ್ ಆಗಲ್ಲ."

"ಆಗಲ್ಲ."

"ಮತ್ತೆ ನಾನು ಕಲಿತ ಕುಸ್ತಿ ಪಟ್ಟುಗಳನ್ನೆಲ್ಲ ಯಾರಿಗೆ ಕೊಡಲಿ? ದಿನಾ ಈ ಹೊಟ್ಟೆ, ಸೊಂಟ, ಮಂಡಿ ನೋಡಿಕೊಂಡು ಇರೋದಾ?"

ಜವರಪ್ಪ ಗೋಡೆ ಹಿಡಿದು ಎದ್ದರು. ಟವೆಲನ್ನು ಹೆಗಲಿಗೆ ಹಾಕಿಕೊಂಡರು. ಬಾಗಿಲವರೆಗೆ ಹೋಗಿ ತಿರುಗಿದರು.

"ನೀನು ಬರೋ ತನಕ ಈ ಗರಡಿ ಮುಚ್ಚದ ಹಾಗೆ ನೋಡ್ಕೊಂಡೋರು ಪೈಲ್ವಾನರು ಅಂದ್ಕೊಂಡಿದ್ದೀಯಾ?"