ಹೆಸರುಗುಡ್ಡದ ಹೆಸರು

ಕಾರೇಪಾಳ್ಯದ ಹೊಲಗಳು ಮುಗಿಯುವಲ್ಲಿ ಹೆಸರುಗುಡ್ಡ ಏಳುತ್ತದೆ. ತಂಗಡಿ, ಕಾರೆಮುಳ್ಳು ಬಿಟ್ಟರೆ ಅಲ್ಲಿ ಬೇರೆ ಹಸಿರಿಲ್ಲ. ನೆತ್ತಿಯ ಮೇಲೆ ಒಂದು ಅಗಲವಾದ ಬಂಡೆ, ಅದರಾಚೆ ಕುಸಿದ ಮಣ್ಣಿನ ಗೋಡೆಗಳು. ಹಿಂದೆ ಇಲ್ಲಿ ಹೆಸರುಕಾಳು ಬೆಳೆಯುತ್ತಿದ್ದರೇನೋ ಎಂದು ಹೊಸಬರು ಅಂದುಕೊಳ್ಳುವುದುಂಟು. ಈ ಗುಡ್ಡದಲ್ಲಿ ಯಾರೂ ಯಾವ ಕಾಳನ್ನೂ ಬಿತ್ತಿದವರಲ್ಲ.

ಹಿಂದೆ ಒಮ್ಮೆ, ಕುಷ್ಠಕ್ಕೆ ಮದ್ದಿಲ್ಲದ ಕಾಲದಲ್ಲಿ, ಸುತ್ತಲ ಹಳ್ಳಿಯವರು ರೋಗ ಕಂಡವರನ್ನು ಈ ಗುಡ್ಡಕ್ಕೆ ತಂದು ಬಿಡುತ್ತಿದ್ದರಂತೆ. ಬಿಟ್ಟುಹೋದವರು ಮಡಕೆ ಒಡೆದು, ತಲೆಗೆ ಸ್ನಾನ ಮಾಡಿ, ರೋಗಿಯನ್ನು ಸತ್ತವರ ಲೆಕ್ಕಕ್ಕೆ ಸೇರಿಸಿಬಿಡುತ್ತಿದ್ದರು. ಆಮೇಲೆ ಅವರ ಹೆಸರನ್ನು ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ. ಗುಡ್ಡದ ಮೇಲೂ ಅವರು ಒಬ್ಬರನ್ನೊಬ್ಬರು ಕುಂಟ, ಮೊಂಡುಗೈಯವಳು ಎಂದೇ ಕರೆಯುತ್ತಿದ್ದರು. ಹೆಚ್ಚಿನ ದಿನ ಕರೆಯುತ್ತಲೇ ಇರಲಿಲ್ಲ. ಅಲ್ಲಿಗೆ ಇನ್ನಾಸಪ್ಪ ಎಂಬಾತ ಬಂದ. ಚರ್ಚಿನಲ್ಲಿ ಮಕ್ಕಳಿಗೆ ಜಪ ಕಲಿಸುತ್ತಿದ್ದ ಉಪದೇಶಿ. ಮೈಮೇಲೆ ಮಚ್ಚೆ ಕಂಡೊಡನೆ ಯಾರೂ ಹೇಳುವ ಮೊದಲೇ ತಾನಾಗಿ ನಡೆದುಬಂದಿದ್ದ. ಮೊದಲ ತಿಂಗಳು ಅವನಿಗೂ ಪ್ರಾರ್ಥನೆ ಬಾಯಿಗೆ ಬರಲಿಲ್ಲ ಎನ್ನುತ್ತಾರೆ.

ಪಕ್ಕದ ಗುಡಿಸಲಿನಲ್ಲಿ ಹೆಂಗಸೊಬ್ಬಳು ಜ್ವರದಿಂದ ಮಲಗಿದ್ದಳು. ಇನ್ನಾಸಪ್ಪ ನೀರು ಕುಡಿಸುತ್ತ, “ನಿನ್ನ ಹೆಸರೇನವ್ವ?” ಎಂದು ಕೇಳಿದ.

“ಹೆಸ್ರು ಎಲ್ಲೈತೆ ಸ್ವಾಮಿ? ಮಡಕೆ ಒಡೆದ ದಿನ್ವೇ ಹೋಯ್ತು,” ಎಂದಳು. ಇನ್ನೊಂದು ಗುಟುಕು ಕುಡಿದು, “ಹೊನ್ನೀರಿ ಅಂತಿದ್ರು. ಇನ್ನೊಂದ್ಸಲ ನೀವೇ ಕರೀರಿ,” ಎಂದಳು.

ಅವನು ಕರೆದ. ಅವಳು ಅತ್ತಳು. ಆ ಸಂಜೆಯೇ ಅವನು ಬಂಡೆಯ ಮೇಲೆ ನಿಂತು, “ಯೇಸುಸ್ವಾಮಿ, ಹೊನ್ನೀರಿ ಇಲ್ಲಿದ್ದಾಳೆ,” ಎಂದು ಕೂಗಿ ಹೇಳಿದ. ಮರುದಿನ ಇನ್ನೂ ಇಬ್ಬರು ಬಂದು ತಮ್ಮ ಹೆಸರು ಹೇಳಿದರು. ವರ್ಷ ಕಳೆಯುವುದರೊಳಗೆ ಅವನೂ ಸೇರಿ ನಲವತ್ತಮೂರು ಜನರಾದರು. ದಿನವೂ ಸಂಜೆ ಅವನು ಬಂಡೆಯ ಮೇಲಿಂದ ಅಷ್ಟೂ ಹೆಸರು ಕೂಗುತ್ತಿದ್ದ. ಹೆಸರು ಕರೆಸಿಕೊಳ್ಳಲು ಬರುವ ಮುಂಚೆ ಹೆಂಗಸರು ತಲೆ ಬಾಚಿಕೊಳ್ಳತೊಡಗಿದರು. ಗುಡಿಸಲ ಮುಂದೆ ಚೆಂಡುಹೂ ಅರಳಿತು. ಒಬ್ಬರ ಹುಣ್ಣನ್ನು ಇನ್ನೊಬ್ಬರು ತೊಳೆದರು. ನಿಮ್ಮ ದೇವರು ಯಾರೆಂದು ಇನ್ನಾಸಪ್ಪ ಯಾರನ್ನೂ ಕೇಳಲಿಲ್ಲ. ತನ್ನ ದೇವರಿಗೆ ಅವರೆಲ್ಲ ಗೊತ್ತು ಎಂದಷ್ಟೇ ಹೇಳುತ್ತಿದ್ದನಂತೆ.

ರೋಗ ಕಡೆಗೆ ಅವನ ಗಂಟಲನ್ನೇ ಹಿಡಿಯಿತು. ದನಿ ಅಡಗಿದ ದಿನ ಹೊನ್ನೀರಿ ಬಂಡೆ ಹತ್ತಿದಳು. ಅವನು ತೀರಿಕೊಂಡ ಮೇಲೆ ಉಳಿದವರೂ ಒಬ್ಬೊಬ್ಬರಾಗಿ ಹೋದರು. ಅವಳು ಸತ್ತವರ ಹೆಸರನ್ನೂ ಬಿಡದೆ ಕರೆದಳು. ಕೊನೆಗೆ ಗುಡ್ಡದಲ್ಲಿ ಅವಳೊಬ್ಬಳೇ. ದಿನವೂ ಸಂಜೆ ನಲವತ್ತೆರಡು ಹೆಸರು ಕೂಗಿ, ಸುಮ್ಮನೆ ಕೆಳಗಿಳಿಯುತ್ತಿದ್ದಳು. ತನ್ನ ಹೆಸರನ್ನು ತಾನೇ ಕೂಗಿಕೊಳ್ಳಲು ಅವಳಿಂದ ಆಗಲಿಲ್ಲ.

ಕೆಳಗಿನ ಹೊಲದಲ್ಲಿ ಅವಳ ಮಗಳು, ಸಾಕಿ ಎಂಬವಳು, ಕಳೆ ಕೀಳುತ್ತಿದ್ದಳು. ತಾಯಿ ಸತ್ತಳೆಂದೇ ಕೇಳಿ ಬೆಳೆದವಳು. ಅಜ್ಜಿ ಸಾಯುವ ಮುನ್ನ ನಿಜ ಹೇಳಿದ್ದರೂ ಗುಡ್ಡ ಹತ್ತಲು ಅಂಜುತ್ತಿದ್ದಳು. ಒಂದು ಸಂಜೆ ತಾಯಿಯ ಹೆಸರೊಂದು ಬಾರದೆಯೇ ಕೂಗು ನಿಂತಾಗ ಅವಳಿಗೆ ತಡೆಯಲಾಗಲಿಲ್ಲ. ಹೆತ್ತವಳನ್ನು ಹೆಸರು ಹಿಡಿದು ಕರೆಯಬಾರದೆಂಬುದನ್ನೂ ಮರೆತು, “ಹೊನ್ನೀರಿ ಅವ್ಳೆ, ಸ್ವಾಮಿ! ಹೊನ್ನೀರಿ ಅಲ್ಲೇ ಅವ್ಳೆ!” ಎಂದು ಕಿರುಚುತ್ತ ಮುಳ್ಳಿನ ನಡುವೆ ಓಡಿದಳು. ಮುಂದಿನ ಎರಡು ವರ್ಷ, ತಾಯಿ ಕಣ್ಮುಚ್ಚುವವರೆಗೂ, ಅವಳು ಗುಡ್ಡದಲ್ಲೇ ಇದ್ದಳು.

ಕಲ್ಕುಟಿಗನನ್ನು ಕರೆತಂದು ಸಾಕಿ ಕೆತ್ತಿಸಿದ ಹೆಸರುಗಳು ಈಗಲೂ ಬಂಡೆಯ ಮೇಲಿವೆ. ಹೋದವರು ಅವನ್ನು ಗಟ್ಟಿಯಾಗಿ ಓದಿ ಬರಬೇಕೆಂಬುದು ರೂಢಿ. ಕೆಲವು ಪೂರ್ತಿ ಸವೆದಿವೆ. ಅಲ್ಲಿಗೆ ಬಂದಾಗ ಓದುವವರು ಒಂದು ಹೆಸರು ಹೇಳುವಷ್ಟು ಹೊತ್ತು ನಿಂತು, ಆಮೇಲೆ ಮುಂದಿನದನ್ನು ಓದುತ್ತಾರೆ.